ಕೋಲುಗಳಿಗೆ ಕಟ್ಟಿದ ಬಿಳಿ ದಾರ

ಸತ್ತವರಿಗೆ ಅನ್ನ ಇಡುವ ಹಬ್ಬ ಮರುದಿನವೇ ಇತ್ತು. ಬುವಾಲಿ ಹಿತ್ತಲಿನಿಂದ ಬಾಳೆಲೆ ಕೊಯ್ದು ತಂದು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಲುವಾಂಗ್ ಪ್ರಬಾಂಗ್ ಊರಿನ ಎಲ್ಲ ಮನೆಗಳಲ್ಲೂ ಅಂದು ಇದೇ ಕೆಲಸ. ಎಲೆಯಲ್ಲಿ ಒಂದು ಹಿಡಿ ಅಂಟಕ್ಕಿಯ ಅನ್ನ, ಹಣ್ಣು, ಎಲೆ ಅಡಿಕೆ ಇಟ್ಟು ಪೊಟ್ಟಣ ಕಟ್ಟಬೇಕು. ಬೆಳಕು ಹರಿಯುವ ಮೊದಲು ವಿಹಾರದ ಗೋಡೆಯ ಬುಡದಲ್ಲಿ, ಬರಿ ನೆಲದ ಮೇಲೆ ಅದನ್ನಿಟ್ಟು ಸತ್ತವರ ಹೆಸರು ಕರೆಯಬೇಕು. ವರ್ಷಕ್ಕೆ ಆ ಒಂದು ಬೆಳಗ್ಗೆ ಅವರು ಉಣ್ಣಲು ಬರುತ್ತಾರೆ.

ಮಾವನಿಗೆ ಒಂದು ಪೊಟ್ಟಣ, ಅವಳ ತಾಯಿಗೆ ಒಂದು. ಪ್ರತಿವರ್ಷ ಅಷ್ಟೇ. ಅತ್ತೆ ನುವಾನ್ ಕಂಬಗಳ ಮೇಲೆ ನಿಂತ ಮನೆಯ ಏಣಿಯಲ್ಲಿ, ಮೇಲಿನ ಮೆಟ್ಟಿಲಲ್ಲಿ ಕುಳಿತು ಎಲೆಗಳನ್ನೇ ನೋಡುತ್ತಿದ್ದಳು.

"ಮೂರನೇದು ಯಾರಿಗೇ?"

"ಒಂದು ಹರಿದುಹೋದ್ರೆ ಇರ್ಲಿ ಅಂತ."

"ನಿನ್ನ ಕೈಯಲ್ಲಿ ಎಲೆ ಯಾವತ್ತು ಹರಿದಿದೆ? ಅರಮನೆಗೆ ಹೂವು ಕಟ್ತಿದ್ದ ಕೈ ಅದು."

ಬುವಾಲಿ ಎಲೆ ಒರೆಸುತ್ತಲೇ ಇದ್ದಳು. ಮೂರನೆಯದು ತನ್ನ ಗಂಡ ಖಂಫೂಯ್‌ಗೆ ಎಂದು ಹೇಳಲು ಅವಳಿಗೆ ಇನ್ನೂ ಬಾಯಿ ಬಂದಿರಲಿಲ್ಲ.

ದೊರೆ ಇದ್ದ ಕಾಲದಲ್ಲಿ ಖಂಫೂಯ್ ಅರಮನೆಯ ಮೇಳದಲ್ಲಿದ್ದ. ದೋಣಿಯಂಥ ಪೆಟ್ಟಿಗೆಯ ಮೇಲೆ ತೂಗುಹಾಕಿದ ಮರದ ಪಟ್ಟಿಗಳನ್ನು ಎರಡು ಕೋಲುಗಳಿಂದ ಬಡಿದು ನುಡಿಸುವ ವಾದ್ಯ ಅವನದು. ಪಟ್ಟಿಗಳ ಅಡಿಗೆ ಜೇನುಮೇಣದ ಉಂಡೆ ಅಂಟಿಸಿ ಸ್ವರ ಕೂಡಿಸಬೇಕು. ಹೊಸ ವರ್ಷದ ಹಬ್ಬ ಬರುವುದು ಏಪ್ರಿಲ್ಲಿನ ಉರಿಬಿಸಿಲಿನಲ್ಲಿ. ಮೇಣ ಮೆತ್ತಗಾಗಿ ಉದುರುತ್ತದೆ, ಸ್ವರ ದಾರಿ ತಪ್ಪುತ್ತದೆ. ಅದಕ್ಕೇ ಅವನ ಸೊಂಟದಲ್ಲಿ ಸದಾ ಮೇಣದ ಡಬ್ಬಿ ಇರುತ್ತಿತ್ತು.

ಒಂದು ಹಬ್ಬದಲ್ಲಿ ನುಡಿಸುತ್ತಿರುವಾಗಲೇ ಅಂಥ ಉಂಡೆಯೊಂದು ಕಳಚಿಬಿದ್ದು, ಪೂಜೆಗೆ ಕಟ್ಟಿದ ಚೆಂಡುಹೂವಿನ ಪುಟ್ಟ ಗೋಪುರ ಹಿಡಿದು ಕುಳಿತಿದ್ದ ಬುವಾಲಿಯ ಮುಂದಕ್ಕೆ ಉರುಳಿಬಂತು. ದೊರೆ ಕುಳಿತಿರುವಾಗ ಯಾರೂ ಏಳುವಂತಿಲ್ಲ. ಅವಳ ಎರಡು ಕೈಯಲ್ಲೂ ಹೂವು. ಏನು ಮಾಡುವುದೆಂದು ತೋಚದೆ ಕಾಲಿನ ಬೆರಳಿನಿಂದ ಅದನ್ನು ಅವನತ್ತ ತಳ್ಳಿದಳು. ಪಕ್ಕದಲ್ಲಿದ್ದ ಮುದುಕಿ ಅವಳ ತೊಡೆ ಚಿವುಟಿ ಕೆಂಪಗೆ ಮಾಡಿದಳು.

ಹಬ್ಬ ಮುಗಿದ ಮೇಲೆ ಖಂಫೂಯ್ ಬಾಗಿಲ ಬಳಿ ಕಾದು ನಿಂತಿದ್ದ. "ನನ್ನ ಸ್ವರಾನೇ ಕಾಲಲ್ಲಿ ಒದ್ದೆಯಲ್ಲೇ ಹುಡುಗಿ! ಇದಕ್ಕೆ ದಂಡ ಕಟ್ಟಬೇಕು ನೀನು" ಎಂದಿದ್ದ. ಮುಂದಿನ ಚಳಿಗಾಲಕ್ಕೆ ಅವರ ಮದುವೆಯಾಯಿತು.

ಆ ಕಾಲ ಚೆನ್ನಾಗಿತ್ತೇ ಎಂದು ಕೇಳಿದರೆ ಬುವಾಲಿ ಏನು ಹೇಳಿಯಾಳು? ಅರಮನೆಯ ನೆಲದಲ್ಲಿ ತೆವಳಿ ತೆವಳಿ ಅವಳ ಮಂಡಿ ಸುಲಿದಿತ್ತು. ಅತ್ತೆಯ ಮಾತೇ ಸರಿ, ದನಿ ತಗ್ಗಿಸಿ ಹೇಳುತ್ತಿದ್ದಳು: "ಆಗ ಮಂಡಿ ನೋವು, ಈಗ ಹೊಟ್ಟೆ ನೋವು. ಮಂಡಿಗೆ ಎಣ್ಣೆ ಹಚ್ಚಬಹುದಿತ್ತು." ಬುವಾಲಿಗೆ ನೆನಪಿರುವುದು ದೊರೆಯಲ್ಲ. ಸಂಜೆ ಮನೆಗೆ ಬಂದ ಗಂಡನ ಬೆರಳುಗಳ ಮೇಣದ ವಾಸನೆ.

ದೊರೆತನ ಹೋಯಿತು. ಅರಮನೆ ವಸ್ತುಸಂಗ್ರಹಾಲಯವಾಯಿತು, ವಾದ್ಯದ ಮುಂದೆ ಹಗ್ಗ ಕಟ್ಟಿದರು. ಹೊಸ ಆಡಳಿತದವರು ಮೇಳದವರನ್ನು ಸೆಮಿನಾರಿಗೆಂದು, ಅಂದರೆ ದೂರದ ಶಿಬಿರದಲ್ಲಿ ಹೊಸ ಪಾಠ ಕಲಿಯಲೆಂದು ಕರೆದರು. ಕೆಲವೇ ದಿನ, ಎರಡು ಜೊತೆ ಬಟ್ಟೆ ಸಾಕು ಎಂದರು. ಖಂಫೂಯ್ ಡಬ್ಬಿಯನ್ನು ರೂಢಿಯಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಲಾರಿ ಹತ್ತಿದ. ಕೋಲುಗಳು ಮನೆಯಲ್ಲೇ ಉಳಿದವು. ವರ್ಷಗಳು ಕಳೆದರೂ ಅವನು ಬರಲಿಲ್ಲ.

ಮನುಷ್ಯನ ಮೈಯಲ್ಲಿ ಮೂವತ್ತೆರಡು ಜೀವಗಳಿರುತ್ತವೆ. ದೂರ ಹೋದವನ ಜೀವಗಳು ದಾರಿಯಲ್ಲಿ ಚದುರುತ್ತವೆ. ಅವನ್ನು ಕರೆದು ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ ನಿಲ್ಲಿಸಬೇಕು. ಕಟ್ಟಲು ಮಗನ ಕೈ ಇಲ್ಲದ್ದರಿಂದ ನುವಾನ್ ಪ್ರತಿ ಹೊಸ ವರ್ಷ ಆ ಕೋಲುಗಳಿಗೇ ದಾರ ಕಟ್ಟುತ್ತ ಬಂದಳು. "ಕಾಡಿಂದ ಬಾರಪ್ಪಾ, ಹೊಳೆಯಿಂದ ಬಾರಪ್ಪಾ" ಎಂದು ಕರೆಯುತ್ತಿದ್ದಳು. ಕೋಲುಗಳ ಹಿಡಿ ಈಗ ಕಾಣುತ್ತಲೇ ಇರಲಿಲ್ಲ.

ಈ ವರ್ಷ ಮಳೆಗಾಲ ಹಿಡಿದ ಮೇಲೆ ಥೊಂಗ್‌ಸಾ ಶಿಬಿರದಿಂದ ತಿರುಗಿ ಬಂದ. ಮೇಳದಲ್ಲಿ ಡೋಲು ಬಡಿಯುತ್ತಿದ್ದವನು. ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಬುವಾಲಿಯ ಪಕ್ಕ ಬಂದು ಕುಳಿತು, ಅವಳ ಮುಖ ನೋಡದೆ ಎಲ್ಲ ಹೇಳಿ ಎದ್ದುಹೋದ. ಬುವಾಲಿ ಉಳಿದ ಬಟ್ಟೆ ಒಗೆದಳು, ಹಿಂಡಿದಳು, ಮನೆಗೆ ಬಂದು ಒಣಹಾಕಿದಳು. ಅಳು ಬರಲಿಲ್ಲ. ಬರುತ್ತದೆಂದು ಕಾದಳು, ಆಮೇಲೆ ಕಾಯುವುದನ್ನೂ ಬಿಟ್ಟಳು.

ಅವಳು ಮೂರನೆಯ ಎಲೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೊನೆಗೂ ಹೇಳಿದಳು.

"ಅಮ್ಮಾ, ಇದು ಅವರಿಗೆ. ಥೊಂಗ್‌ಸಾ ಸಿಕ್ಕಿದ್ದ. ಎರಡನೇ ಚಳಿಗಾಲದಲ್ಲೇ ಹೋದ್ರಂತೆ."

ನುವಾನಳ ಮುಖ ಗಟ್ಟಿಯಾಯಿತು. "ಥೊಂಗ್‌ಸಾ! ಅವನು ಯಾವತ್ತು ತಾಳ ಸರಿಯಾಗಿ ಹಿಡಿದಿದ್ದ? ಅವನ ಮಾತು ಕೇಳಿ ನನ್ನ ಮಗನಿಗೆ ನೆಲದ ಮೇಲೆ ಅನ್ನ ಇಡ್ತೀಯಾ? ಬದುಕಿರೋನಿಗೆ ಹಾಗೆ ಇಟ್ರೆ ಅವನ ಜೀವ ಮಣ್ಣಿಗೆ ಇಳಿಯುತ್ತೆ ಕಣೇ. ಆಮೇಲೆ ಮನೆ ಏಣಿ ಸಿಗಲ್ಲ ಅದಕ್ಕೆ."

"ಅವನೇ ಮಣ್ಣು ಮಾಡಿದ್ದಂತೆ ಅಮ್ಮಾ. ಭಿಕ್ಷು ಇರ್ಲಿಲ್ಲ. ಒಂದು ಹಿಡಿ ಅನ್ನ ಇಡೋಕೂ ಇರ್ಲಿಲ್ಲ."

"ಸುಳ್ಳು. ನಿನಗೆ ಇನ್ನೂ ವಯಸ್ಸಿದೆ, ಬೇರೆ ದಾರಿ ನೋಡ್ಕೋಬೇಕು ಅನ್ನಿಸಿದ್ರೆ ಹಾಗೇ ಹೇಳು. ನಾನೇನು ಕಟ್ಟಿಹಾಕಿಲ್ಲ ನಿನ್ನ."

ಬುವಾಲಿ ಎಲೆಯ ಅಂಚನ್ನು ಮಡಿಸಿದಳು, ಬಿಚ್ಚಿದಳು. ಹೇಳಬಾರದೆಂದುಕೊಂಡಿದ್ದ ಮಾತು ಅದಾಗಿಯೇ ಬಂತು.

"ಹಸಿವು ತಡೀಲಾರದೆ ಮೇಣ ತಿಂದ್ರಂತೆ ಅಮ್ಮಾ. ಡಬ್ಬೀಲಿದ್ದ ಮೇಣ. ದಿನಾ ಇಷ್ಟಿಷ್ಟೇ ಕಿತ್ತು ಜಗೀತಿದ್ರಂತೆ. ಥೊಂಗ್‌ಸಾಗೂ ಕೊಟ್ಟಿದ್ರಂತೆ."

ನುವಾನ್ ಸೊಸೆಯನ್ನೇ ನೋಡಿದಳು.

"ಮೇಣಾನಾ?"

"ಹೂಂ. ಅವತ್ತಿಂದ ಹಸಿದೇ ಇದಾರೆ. ನಾವು ದಾರ ಕಟ್ಟಿ ಇಲ್ಲಿಗೆ ಕರೀತೀವಿ, ಬಂದ್ರೆ ಎಲೇಲಿ ಏನೂ ಇರಲ್ಲ."

ಮುದುಕಿ ಎದ್ದು ಒಳಗೆ ಹೋದಳು. ಬುವಾಲಿ ಮೂರನೆಯ ಎಲೆಯಲ್ಲಿ ಅನ್ನ ಇಟ್ಟಳು, ಬಾಳೆಹಣ್ಣು ಇಟ್ಟಳು. ಇನ್ನೇನು ಮಡಿಸಬೇಕು, ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಬಾಳೆಹಣ್ಣು ತೆಗಿ. ಅವನು ಯಾವತ್ತು ಬಾಳೆಹಣ್ಣು ಮುಟ್ಟಿದ್ದ? ಇಷ್ಟು ವರ್ಷ ಸಂಸಾರ ಮಾಡಿ ಇದೇನಾ ನೀನು ಕಂಡಿದ್ದು?"

ಅವಳ ಕೈಯಲ್ಲಿ ಎಳ್ಳು ಹಚ್ಚಿ ಒಣಗಿಸಿದ ಹೊಳೆಪಾಚಿಯ ಹಾಳೆಯಿತ್ತು. ಆಗಷ್ಟೇ ಕೆಂಡದ ಮೇಲೆ ಸುಟ್ಟದ್ದು, ಇನ್ನೂ ಬಿಸಿಯಾಗಿತ್ತು. ಅದನ್ನು ಅನ್ನದ ಮೇಲಿಟ್ಟು, ಅದರ ಮೇಲೆ ಖಾರದ ಚಟ್ನಿ ಹಚ್ಚಿದಳು.

"ಅನ್ನ ಇಷ್ಟು ಸಾಲದು. ಇನ್ನೊಂದು ಹಿಡಿ ಹಾಕು" ಎಂದಳು. ತಿರುಗಿಕೊಂಡು, "ನಾನು ಬರಲ್ಲ ನಾಳೆ. ನನ್ನ ಬಾಯಲ್ಲಿ ಕರೆಯೋಕಾಗಲ್ಲ" ಎಂದಳು.

ಮರುದಿನ ನಸುಕಿನಲ್ಲಿ ಬುವಾಲಿ ಒಬ್ಬಳೇ ಹೋದಳು. ವಿಹಾರದ ಗೋಡೆಯ ಉದ್ದಕ್ಕೂ ಹೆಂಗಸರು ಬಗ್ಗಿ ಪೊಟ್ಟಣ ಇಡುತ್ತಿದ್ದರು, ಪಿಸುದನಿಯಲ್ಲಿ ಹೆಸರು ಕರೆಯುತ್ತಿದ್ದರು. ಈ ವರ್ಷ ಪೊಟ್ಟಣಗಳು ಹೆಚ್ಚಿದ್ದವು. ಅವಳು ಮಾವನನ್ನು ಕರೆದಳು, ತಾಯಿಯನ್ನು ಕರೆದಳು. ಮೂರನೆಯದನ್ನು ಒದ್ದೆ ಮಣ್ಣಿನ ಮೇಲೆ ಇಟ್ಟು, ಎಲೆ ಬಿಡಿಸಿ, "ಖಂಫೂಯ್, ಬಂದು ಉಣ್ಣಿ" ಎಂದಳು. ಲಾರಿ ಹೋದ ಮೇಲೆ ಆ ಹೆಸರನ್ನು ಅವಳು ಬಾಯಿಬಿಟ್ಟು ಕರೆದದ್ದು ಅದೇ ಮೊದಲು. ಬೇರೆ ಯಾರೋ ಕರೆದಂತೆ ಕೇಳಿಸಿತು.

ಮನೆಗೆ ಬರುವಾಗ ಬೆಳಕಾಗಿತ್ತು. ನುವಾನ್ ಏಣಿಯ ಮೆಟ್ಟಿಲಲ್ಲಿ ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಕಟ್ಟಿದ ದಾರವನ್ನು ಕತ್ತರಿಸಬಾರದು, ಬಿಚ್ಚಬೇಕು. ಹಳೆಯ ಗಂಟುಗಳು ಬಿಗಿದು ಕಲ್ಲಾಗಿದ್ದವು. ಅವಳು ಉಗುರಿನಿಂದ ಕೆದಕುತ್ತಿದ್ದಳು. ಬಿಚ್ಚಿದ ನಾಲ್ಕಾರು ಎಳೆಗಳು ಸುರುಳಿಯಾಗಿ ಕಾಲ ಬಳಿ ಬಿದ್ದಿದ್ದವು.

"ಉಂಡನಾ?" ಎಂದು ಕೇಳಿದಳು, ತಲೆಯೆತ್ತದೆ.

"ಇಟ್ಟು ಬಂದೆ ಅಮ್ಮಾ."

"ಈ ಗಂಟು ಕಣ್ಣಿಗೇ ಕಾಣ್ತಿಲ್ಲ. ನೀನು ನೋಡು."

ಬುವಾಲಿ ಅವಳ ಕೆಳಗಿನ ಮೆಟ್ಟಿಲಲ್ಲಿ ಕುಳಿತು ಒಂದು ಕೋಲನ್ನು ತೆಗೆದುಕೊಂಡಳು. ದಾರದ ಅಡಿಯಲ್ಲಿ, ಅವನ ಬೆರಳು ಕೂರುತ್ತಿದ್ದ ಜಾಗದಲ್ಲಿ, ಮರ ಇನ್ನೂ ಸ್ವಲ್ಪ ಅಂಟಂಟಾಗಿತ್ತು. ಅವಳು ಬೆರಳನ್ನು ಮೂಗಿನ ಬಳಿ ಒಯ್ದಳು. ನುವಾನ್ ನೋಡಿದಳು. ಇಬ್ಬರೂ ಮತ್ತೆ ಗಂಟಿಗೆ ಉಗುರು ಹಾಕಿದರು.