ಎಡಗಡೆಯ ಬ್ಯಾಕು

"ಬಲಗಾಲು ತರಬೇಡ ಅಂದ್ನಲ್ಲೋ! ಎಡಗಾಲು ಕಣೋ, ಎಡಗಾಲು!"

ಶಾಲೆಯ ಆಟದ ಮೇಷ್ಟ್ರು ನಂಜುಂಡಸ್ವಾಮಿ ಕಿವಿ ಹರಿಯುವಂತೆ ಸೀಟಿ ಊದಿದರು. ಲೋಕೇಶ ಚೆಂಡನ್ನು ನಿಲ್ಲಿಸಿ ಮತ್ತೆ ಹಿಂದಕ್ಕೆ ಹೋಗಿ ನಿಂತ. ತೊಂಬತ್ತೆಂಟರ ಏಪ್ರಿಲ್ ತಿಂಗಳು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಕೈ ತೊಳೆದುಕೊಂಡ ಸರಸ್ವತಿಪುರಂನ ಹುಡುಗರೆಲ್ಲ ಹೊತ್ತು ನೆತ್ತಿಗೇರುವವರೆಗೂ ಕವುಚಿ ಮಲಗುವ ಕಾಲ. ಇವರಿಬ್ಬರು ಮಾತ್ರ, ಲೋಕೇಶ ಮತ್ತು ಶಿವಕಿರಣ, ಬೆಳಗಾಗುವ ಮೊದಲೇ ಶಾಲೆಯ ಮೈದಾನದಲ್ಲಿ ಹಾಜರು. ಕಿರಣ ಮೇಷ್ಟ್ರ ಅಕ್ಕನ ಮಗ, ಅವರ ಮನೆಯಲ್ಲೇ ಇದ್ದು ಓದಿದವನು. ಲೋಕೇಶನ ಬೆಂಚಿನ ಜೊತೆಗಾರ, ಒಂದೇ ತಟ್ಟೆಯಲ್ಲಿ ಉಂಡ ಸ್ನೇಹಿತ.

ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಜೊತೆ ಬೂಟು, ಮೇಷ್ಟ್ರದ್ದು. ಎಡಗಾಲಿನದು ಲೋಕೇಶನಿಗೆ, ಬಲಗಾಲಿನದು ಕಿರಣನಿಗೆ. ಬೂಟಿರುವ ಕಾಲಿನಲ್ಲಿ ಒದೆಯಬೇಕು, ಬರಿಗಾಲು ನೆಲ ಬಿಟ್ಟು ಏಳಬಾರದು. ಇದು ಮೇಷ್ಟ್ರ ಕಾಯಿದೆ. ಮೊದಲ ವಾರ ಲೋಕೇಶನ ಎಡಗಾಲು ಒದ್ದ ಚೆಂಡು ಎಲ್ಲೆಲ್ಲೋ ಹೋಗಿ, ಒಂದು ಸಲ ಕಾಂಪೌಂಡಿನಾಚೆ ಹಪ್ಪಳ ಒಣಗಿಸುತ್ತಿದ್ದ ಮಾದೇವಮ್ಮನ ಚಾಪೆಯ ನಡುಮಧ್ಯಕ್ಕೇ ಬಿದ್ದು, ಆಕೆಯಿಂದ ಏಳು ತಲೆಮಾರಿಗಾಗುವಷ್ಟು ಬೈಸಿಕೊಂಡಿದ್ದಾಯಿತು.

ಹಾಗೆ ನೋಡಿದರೆ ಲೋಕೇಶನಿಗೆ ಈ ಗ್ರಹಚಾರ ಬೇಕೇ ಇರಲಿಲ್ಲ. ಹೋದ ವರ್ಷ ಫುಟ್‌ಬಾಲಿನಲ್ಲಿ ಶಾಲೆ ಹೊಡೆದ ಗೋಲುಗಳಲ್ಲಿ ಮುಕ್ಕಾಲು ಪಾಲು ಅವನವೇ. ಚೆಂಡು ಸಿಕ್ಕಿತೆಂದರೆ ಬಲಭುಜ ಇಳಿಸಿ ಹೊರಕ್ಕೆ ಓಡುವವನ ಹಾಗೆ ನಟಿಸುವನು. ಎದುರಿನವನು ಅತ್ತ ವಾಲುವಷ್ಟರಲ್ಲಿ ಅಂಗಾಲಿನಿಂದ ಚೆಂಡನ್ನು ಒಳಕ್ಕೆಳೆದುಕೊಂಡು ಗೋಲಿನ ಮುಂದಿರುವನು. ಹುಡುಗರು ಅದಕ್ಕೆ 'ಲೋಕಿ ಕಟ್' ಎಂದೇ ಹೆಸರಿಟ್ಟಿದ್ದರು. ಅಂಥವನನ್ನು ಎದುರಾಳಿಗಳನ್ನು ತಡೆಯುವ ಬ್ಯಾಕಿಗೆ ನಿಲ್ಲಿಸುತ್ತೇನೆಂದು ಮೇಷ್ಟ್ರು ಹೊರಟರೆ, ನಿಮಗೆ ತಲೆ ನೆಟ್ಟಗಿದೆಯೇ ಎಂದು ಯಾರಾದರೂ ಕೇಳಬೇಕಿತ್ತಲ್ಲ? ಯಾರೂ ಕೇಳಲಿಲ್ಲ.

ಕೇಳುವ ಹಾಗೂ ಇರಲಿಲ್ಲ ಬಿಡಿ. ಮೇಷ್ಟ್ರು ತಾವಾಗಿ ಲೋಕೇಶನ ಮನೆಗೇ ಬಂದು, ಅವನ ತಾಯಿ ಪ್ರೇಮಮ್ಮ ಕೊಟ್ಟ ಕಾಫಿ ಕುಡಿದು ಹೇಳಿದ್ದರು: "ಕಾಲೇಜಲ್ಲಿ ಫಾರ್ವರ್ಡ್ ಆಡೋರು ದಂಡಿಯಾಗಿದಾರೆ ಕಣಮ್ಮ. ಎಡಗಡೆ ಬ್ಯಾಕು ಆಡ್ತಿದ್ದ ಹುಡುಗ ಪಾಸಾಗಿ ಹೋಗ್ಬುಟ್ಟ. ಇವನು ಬ್ಯಾಕ್ ಅಂತ ಹೋದ್ರೆ ಕಣ್ಮುಚ್ಕೊಂಡು ತಗೋತಾರೆ. ನಾನು ವಿಚಾರಿಸ್ಕೊಂಡೇ ಬಂದಿರೋದು."

ಆಟೋ ಓಡಿಸುವ ಅಪ್ಪ ಬೀರಯ್ಯ ಕೈಕಟ್ಟಿ ನಿಂತೇ ಇದ್ದ. "ನೀವೆಂಗೆ ಏಳ್ತೀರೋ ಅಂಗೇ ಸಾ. ಇವನ ಮಾರ್ಕ್ಸಿಗೆ ಯಾರ್ ಸೀಟ್ ಕೊಟ್ಟಾರು? ಆಟದ ಕೋಟಾದಾಗೆ ಸಿಕ್ರೆ ಓದ್ಲಿ. ಇಲ್ದಿದ್ರೆ ಇಲವಾಲದಲ್ಲಿ ನಮ್ ಬಾಮೈದನ ಪಂಚರ್ ಅಂಗ್ಡಿ ಐತೆ, ಅಲ್ಲಿ ಕುಂತ್ಕೊಳ್ಲಿ."

"ಪಂಚರ್ ಅಂಗ್ಡಿ ಮಾತೆಲ್ಲ ಯಾಕಪ್ಪ? ನಿನ್ ಮಗ ಬೇರೆ ಅಲ್ಲ, ನನ್ ಅಳಿಯ ಬೇರೆ ಅಲ್ಲ" ಎಂದಿದ್ದರು ಮೇಷ್ಟ್ರು. ಪ್ರೇಮಮ್ಮನ ಕಣ್ಣಲ್ಲಿ ನೀರೇ ಬಂತು.

ಮೇ ಹೊತ್ತಿಗೆ ಲೋಕೇಶನ ಎಡಗಾಲು ಮಾತು ಕೇಳತೊಡಗಿತು. ದಿನಾ ಕಿರಣ ಚೆಂಡು ತರಬೇಕು, ಇವನು ತಡೆಯಬೇಕು. ಕಿರಣ ಒಳ್ಳೆಯವನೇ, ಆದರೆ ಆಟದಲ್ಲಿ ಸ್ವಲ್ಪ ಮಂದ. "ನಿನ್ನ ಕಟ್ ಅವನಿಗೂ ಹೇಳ್ಕೊಡೋ. ಅವನು ಸರಿಯಾಗಿ ಮಾಡಿದ್ರೆ ತಾನೇ ನೀನು ತಡೆಯೋದು ಕಲಿಯೋದು?" ಎಂದರು ಮೇಷ್ಟ್ರು. ಸರಿಯಾದ ಮಾತೇ ಅನ್ನಿಸಿತು. ಲೋಕೇಶ ಸ್ನೇಹಿತನ ಭುಜ ಹಿಡಿದು, ಇಷ್ಟು ಇಳಿಸು, ಇಷ್ಟು ಸಾಕು, ಈಗ ಎಳಿ ಎಂದು ಬಿಸಿಲೇರುವವರೆಗೆ ತಿದ್ದಿದ. ಕಿರಣನಿಗೆ ಅದು ಒಲಿದ ದಿನ ಇಬ್ಬರೂ ತಬ್ಬಿಕೊಂಡು ಕುಣಿದರು. ಪಾಪ, ಹೆಚ್ಚು ಖುಷಿಯಾದದ್ದು ಲೋಕೇಶನಿಗೇ.

ಜೂನ್ ಮೊದಲ ವಾರ ಕಾಲೇಜಿನ ಮೈದಾನದಲ್ಲಿ ಆಯ್ಕೆ. ಮೇಷ್ಟ್ರು ಆ ಬೆಳಿಗ್ಗೆ ಎರಡೂ ಬೂಟನ್ನು ಕಿರಣನ ಕೈಗೆ ಕೊಟ್ಟು, "ನೀನು ಬರಿಗಾಲಲ್ಲೂ ಆಡ್ತೀಯ ಬುಡು" ಎಂದು ಲೋಕೇಶನ ಬೆನ್ನು ತಟ್ಟಿದರು. ಅವನಿಗೆ ಅದೂ ಹೊಗಳಿಕೆಯಂತೆಯೇ ಕೇಳಿಸಿತು.

ಕಾಲೇಜಿನ ಶಿವರುದ್ರಪ್ಪ ಸಾರ್ ಆ ವರ್ಷವಷ್ಟೇ ಊರಿಗೆ ಬಂದವರು. ಶಾಲೆಗಳ ಹುಡುಗರ ಆಟವನ್ನು ಅವರು ನೋಡಿರಲಿಲ್ಲ. ಫಾರ್ವರ್ಡ್ ಆಡುವವರೆಲ್ಲ ಸಾಲಾಗಿ ನಿಲ್ಲಿ ಎಂದರು. ತಾನು ಬ್ಯಾಕ್ ಎಂದು ಪಕ್ಕಕ್ಕೆ ನಿಂತದ್ದು ಲೋಕೇಶ ಒಬ್ಬನೇ.

"ನೀನೇನಪ್ಪ ಇಲ್ಲಿ? ಈ ಸಲ ನಮಗೆ ಬ್ಯಾಕ್ ಬೇಡ. ಇರೋ ಇಬ್ಬರು ಬ್ಯಾಕುಗಳೂ ಸೆಕೆಂಡ್ ಇಯರ್ ಹುಡುಗರು, ಇನ್ನೊಂದು ವರ್ಷ ಇರ್ತಾರೆ. ಬೇಕಾಗಿರೋದು ಒಬ್ಬ ಫಾರ್ವರ್ಡ್. ಯುಗಾದಿ ಟೈಮಲ್ಲೇ ನಿಮ್ಮ ಮೇಷ್ಟ್ರಿಗೆ ಹೇಳಿದ್ನಲ್ಲ!"

ಲೋಕೇಶನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವರ ಮುಂದಕ್ಕೇ ನುಗ್ಗಿ ಬಂದ. "ಸಾ, ನಾನು ಫಾರ್ವರ್ಡೇ ಸಾ! ನಿಜವಾಗ್ಲೂ ಸಾ!"

"ಇಷ್ಟೊತ್ತು ಬ್ಯಾಕು, ಈಗ ಫಾರ್ವರ್ಡಾ? ನಿಮ್ಮ ಮೇಷ್ಟ್ರನ್ನೇ ಕೇಳೋಣ. ಏನ್ರೀ ನಂಜುಂಡಸ್ವಾಮಿ, ಇವನು ಏನು ಆಡ್ತಾನೆ?"

ಮೇಷ್ಟ್ರು ಲೋಕೇಶನನ್ನು ನೋಡಲಿಲ್ಲ. ಸೀಟಿಯನ್ನು ಅಂಗಿಯ ತುದಿಯಿಂದ ಒರೆಸುತ್ತಾ, "ಬ್ಯಾಕು ಸಾರ್. ಎಡಗಡೆ ಬ್ಯಾಕು. ಹುಡುಗ ಒಳ್ಳೆಯವನು, ಏನೋ ಆಸೆಗೆ ಹಂಗಂತಾನೆ" ಎಂದರು.

"ಸರಿ, ಬಂದಿದೀಯ, ಆಡು. ಫಾರ್ವರ್ಡ್‌ಗಳನ್ನ ನೋಡೋಕೆ ಎದುರಿಗೆ ಯಾರಾದ್ರೂ ನಿಲ್ಲಬೇಕಲ್ಲ" ಎಂದರು ಶಿವರುದ್ರಪ್ಪ.

ಮೊದಲರ್ಧದಲ್ಲಿ ಲೋಕೇಶ ಆಡಿದನೆನ್ನುವುದಕ್ಕಿಂತ ಅಲ್ಲಿದ್ದ ಎನ್ನಬೇಕು. ಕಾಲು ನೆಲಕ್ಕೆ ತಾಗುತ್ತಿರುವುದೇ ಅವನಿಗೆ ತಿಳಿಯುತ್ತಿರಲಿಲ್ಲ. ಕಿರಣ ಎರಡು ಸಲ ಅವನ ಪಕ್ಕದಲ್ಲೇ ನುಗ್ಗಿ ಒಂದು ಗೋಲೂ ಹೊಡೆದ. ಅದೇ ಭುಜ, ಅದೇ ಅಂಗಾಲು. ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬಿಡುವಿನಲ್ಲಿ ಲೋಕೇಶ ನಲ್ಲಿಯ ಬಳಿ ಕಿರಣನನ್ನು ಅಡ್ಡಹಾಕಿದ. "ನಿಂಗೆ ಗೊತ್ತಿತ್ತಾ?"

ಕಿರಣ ಮುಖಕ್ಕೆ ನೀರು ಎರಚಿಕೊಳ್ಳುತ್ತಲೇ ಇದ್ದ.

"ಏಯ್, ಕೇಳ್ತಿರೋದು ನಿನ್ನೇ. ನಿಂಗೆ ಗೊತ್ತಿತ್ತಾ?"

"ಮಾವ ಹೇಳ್ಬೇಡ ಅಂದ್ರು ಕಣೋ" ಎಂದ ಕಿರಣ. "ನೀನು ಎಲ್ಲಾದ್ರೂ ಆಡ್ಕೋತೀಯ, ನಂಗೆ ಇದೊಂದೇ ದಾರಿ ಅಂದ್ರು."

ಮೇಷ್ಟ್ರ ಮೇಲಿನ ಸಿಟ್ಟು ಬೇರೆ. ಇದು ಎದೆಗೇ ನಾಟಿತು. ಭುಜ ಹಿಡಿದು ತಿದ್ದಿದ ಅಷ್ಟೂ ಬೆಳಗು ಈ ಮುಖ ಎಲ್ಲ ತಿಳಿದುಕೊಂಡೇ ನಗುತ್ತಿತ್ತಲ್ಲ! ಲೋಕೇಶ ಹೋಗಿ ತನ್ನ ಜಾಗದಲ್ಲಿ ನಿಂತ.

ಆಮೇಲೆ ಅವನು ಆಡಿದ. ಕಿರಣ ಭುಜ ಇಳಿಸಿದ, ಲೋಕೇಶ ಅಲುಗಲಿಲ್ಲ. ಅಂಗಾಲು ಚೆಂಡಿನ ಮೇಲೆ ಬರುವ ಜಾಗ ಅವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಚೆಂಡು ಎಡಗಾಲಿಗೆ ಬಂತು. ಕಿರಣ ಇನ್ನೊಮ್ಮೆ ಬಂದ, ಲೋಕೇಶ ಇನ್ನೊಮ್ಮೆ ಕಿತ್ತುಕೊಂಡ. ಒಂದು ಸಲವೂ ಮೈ ಮುಟ್ಟಲಿಲ್ಲ, ಒಂದು ಸಲವೂ ಫೌಲ್ ಆಗಲಿಲ್ಲ. ಕೊನೆಕೊನೆಗೆ ಕಿರಣನಿಗೆ ಚೆಂಡು ತಗೊಳ್ಳುವುದಕ್ಕೇ ಭಯವಾಗಿ, ಬಂದ ಚೆಂಡನ್ನೆಲ್ಲ ಪಕ್ಕದವನಿಗೆ ದಾಟಿಸಿಬಿಡುತ್ತಿದ್ದ. "ಬಿಡೋ ಲೋಕಿ, ಒಂದೇ ಒಂದು" ಎಂದು ಮೆಲ್ಲಗೆ ಅಂಗಲಾಚಿದ. ಲೋಕೇಶ ಬಿಡಲಿಲ್ಲ.

ಸೀಟು ಮಂಡಿಮೊಹಲ್ಲಾದ ಹುಡುಗನೊಬ್ಬನ ಪಾಲಾಯಿತು. ಶಿವರುದ್ರಪ್ಪ ಲೋಕೇಶನ ಬಳಿ ಬಂದು, "ಭೇಷ್ ಕಣಯ್ಯ! ಇಂಥ ಬ್ಯಾಕ್ ನಾನು ನೋಡಿಲ್ಲ. ಮುಂದಿನ ವರ್ಷ ಬಾ" ಎಂದು ಕೈ ಕುಲುಕಿ ಹೋದರು. ಮುಂದಿನ ವರ್ಷ! ಅಪ್ಪ ನಾಳೆ ಬೆಳಿಗ್ಗೆಯೇ ಇಲವಾಲದ ಬಸ್ಸು ಹತ್ತಿಸುತ್ತಾನೆ.

ಮೇಷ್ಟ್ರು ಗೇಟಿನ ಬಳಿ ಕಾದಿದ್ದರು. ಮುಖ ಕಪ್ಪಿಟ್ಟಿತ್ತು. "ಕೂಡೇ ಬೆಳೆದ ಹುಡುಗನ ಹೊಟ್ಟೆ ಮೇಲೆ ಹೊಡೆದ್ಬುಟ್ಯಲ್ಲೋ. ಇದಕ್ಕೇನೋ ನಾನು ನಿಂಗೆ ಎರಡು ತಿಂಗಳು ಕಲಿಸಿದ್ದು?"

ಲೋಕೇಶ ಅವರ ಮುಖವನ್ನೇ ನೋಡಿದ. ತಲೆ ತಗ್ಗಿಸಲಿಲ್ಲ.

"ಇದನ್ನೇ ಅಲ್ವಾ ಸಾ ಕಲಿಸಿದ್ದು?"

ಮೇಷ್ಟ್ರು ತಿರುಗಿ ಸ್ಕೂಟರಿನ ಕಿಕ್ಕರನ್ನು ಒಂದಲ್ಲ, ನಾಲ್ಕು ಸಲ ಒದ್ದರು. ಬೆಳಿಗ್ಗೆ ಮೂವರೂ ಅದರಲ್ಲೇ ಬಂದಿದ್ದರು. ಕಿರಣ ಹತ್ತಿದವನು ಅಭ್ಯಾಸಬಲದಿಂದ ಮಾವನ ಬೆನ್ನಿಗೆ ಒತ್ತಿಕೊಂಡು, ಹಿಂದೆ ಇನ್ನೊಬ್ಬನಿಗೆ ಜಾಗ ಬಿಟ್ಟು ಕೂತ. ಸ್ಕೂಟರು ತಿರುವಿನಲ್ಲಿ ಮರೆಯಾಗುವವರೆಗೂ ಆ ಜಾಗ ಹಾಗೇ ಇತ್ತು.