ನಿಮಗೆ ಯಾವುದು ಆಗಲ್ಲ?

ಹಲ್ಲುಜ್ಜಿ ಉಗುಳಿದ ದೊಡ್ಡಪ್ಪ ತೊಟ್ಟಿಯಲ್ಲಿ ಕೆಂಪು ಕಂಡವರೇ ನಲ್ಲಿಯನ್ನು ಪೂರ್ತಿ ತಿರುಗಿಸಿಬಿಟ್ಟರು. ನೀರು ಭೋರೆಂದು ಸುರಿದು ಕೆಂಪನ್ನೆಲ್ಲ ಕೊಚ್ಚಿಕೊಂಡು ಹೋಯಿತು. ತಲೆ ಎತ್ತಿದರೆ ಕನ್ನಡಿಯೊಳಗೆ, ಅವರ ಭುಜದ ಹಿಂದೆ, ತಮ್ಮನ ಮಗಳು ನಿಂತಿದ್ದಳು. ಅವಳ ತೋಳಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ನರ್ಸ್ ಯೂನಿಫಾರಂ ಇತ್ತು. ಅಮ್ಮನಿಗೆ ತೊಡಿಸಲು ತಂದದ್ದು.

"ಬ್ರಷ್ಷು ಗಟ್ಟಿ," ಎಂದರು ದೊಡ್ಡಪ್ಪ.

"ಹೊಸದು ತಗೋಬೇಕು," ಎಂದಳು ಅವಳು.

ಅಷ್ಟೇ. ಅಮ್ಮ ಇದ್ದಿದ್ದರೆ ಅಷ್ಟಕ್ಕೆ ಬಿಡುತ್ತಿರಲಿಲ್ಲ. ಬೆಳಕಿಗೆ ಕರೆದುಕೊಂಡು ಹೋಗಿ ಬಾಯಿ ತೆಗೆಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಅಂಗಿಯ ತೋಳು ಮೇಲೆತ್ತಿ ನೀಲಿ ಕಲೆ ಹುಡುಕಿ, "ಮೂತ್ರದ ಬಣ್ಣ ಹೇಗಿತ್ತು ಭಾವ?" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೇಳುತ್ತಿದ್ದಳು. ಆಮೇಲೆ ಅವತ್ತಿನ ಮಾತ್ರೆ ತಡೆದು ಆಸ್ಪತ್ರೆಗೆ ಫೋನು ಮಾಡುತ್ತಿದ್ದಳು. ದೊಡ್ಡಪ್ಪನ ಎದೆ ತಾಳ ತಪ್ಪಿ ಬಡಿಯುವ ಎದೆ. ರಕ್ತ ಹೆಪ್ಪುಗಟ್ಟದಿರಲೆಂದು ಅವರಿಗೆ ಸಂಜೆ ಒಂದು ಮಾತ್ರೆ. ಅದು ಕಡಿಮೆಯಾದರೆ ರಕ್ತ ಗಡ್ಡೆ ಕಟ್ಟಿ ಮಿದುಳಿಗೆ ಹೋಗಬಹುದು, ಹೆಚ್ಚಾದರೆ ಎಲ್ಲೆಂದರಲ್ಲಿ ಸೋರಬಹುದು. ಅಮ್ಮ ಹಾಸಿಗೆ ಹಿಡಿದ ಮೇಲೆ ರಕ್ತಪರೀಕ್ಷೆ ತಪ್ಪಿತ್ತು, ಮಾತ್ರೆ ಡಬ್ಬಿ ದೊಡ್ಡಪ್ಪನ ಕೈಗೇ ಬಂದಿತ್ತು. ತಗೊಂಡೆನೋ ಇಲ್ಲವೋ ಎಂದು ಮರೆತು ಇನ್ನೊಮ್ಮೆ ನುಂಗುವುದನ್ನು ಮಗಳು ಕಣ್ಣಾರೆ ನೋಡಿದ್ದಳು.

ಇವತ್ತು ನಾನೇನೂ ಹೇಳಲ್ಲ, ಎಂದುಕೊಂಡಳು. ಹೇಳುವವಳು ಒಳಗೆ ಕಣ್ಣು ಮುಚ್ಚಿ ಮಲಗಿದ್ದಾಳೆ.

ಕೋಣೆಯಲ್ಲಿ ದಪ್ಪ ಸಿಸ್ಟರ್ ಅಮ್ಮನ ಕೂದಲು ಬಾಚುತ್ತಿದ್ದರು. ಅಮ್ಮನ ಜೊತೆ ಒಂದೇ ವಾರ್ಡಿನಲ್ಲಿ ದುಡಿದು ನಿವೃತ್ತರಾದವರು. ದೇಹ ಅರ್ಧಕ್ಕರ್ಧ ಇಳಿದರೂ ಹೆಸರು ಇಳಿದಿರಲಿಲ್ಲ.

"ಅಗಲ ಎಷ್ಟು ಇಳಿಸಿದೆ?" ಯೂನಿಫಾರಂ ಬಿಡಿಸಿ ನೋಡುತ್ತ ಕೇಳಿದರು.

"ಎರಡೂ ಪಕ್ಕ ಒಳಗೆ ಹೊಲಿದೆ ಸಿಸ್ಟರ್. ಕೊನೆಕೊನೆಗೆ ಏನೂ ಉಳಿದಿರಲಿಲ್ಲವಲ್ಲ." ಅವಳದು ಮೂಲೆಯ ಹೊಲಿಗೆ ಅಂಗಡಿ.

"ನಾಲಿಗೆ ಉಳಿದಿತ್ತಲ್ಲ, ಸಾಕು. ಮೊನ್ನೆ ನೋಡೋಕೆ ಬಂದಾಗ ಡ್ರಿಪ್ಪು ಹಾಕೋಕೆ ಬಂದಿದ್ದ ಹುಡುಗೀನ ಹಿಡಿದು, ನನ್ನ ಹೆಸರು ಕೇಳಿದ್ಯಾ, ನನಗೆ ಯಾವ ಔಷಧಿ ಆಗಲ್ಲ ಅಂತ ಕೇಳಿದ್ಯಾ ಅಂತ ದಬಾಯಿಸ್ತಿದ್ಲು. ಆ ಹುಡುಗಿ, ಕೇಳ್ತೀನಿ ಅಜ್ಜಿ, ಮೊದಲು ನನ್ನ ಕೈ ಬಿಡಿ ಅಂತು." ಸಿಸ್ಟರ್ ನಗುತ್ತಲೇ ಕಣ್ಣೊರೆಸಿಕೊಂಡರು.

ಬಾಗಿಲಾಚೆ ನಡುಮನೆಯಲ್ಲಿ ಅತ್ತೆಯ ದನಿ ಕೇಳಿಸಿತು. ಅಪ್ಪನ ಅಕ್ಕ, ದೊಡ್ಡಪ್ಪನ ತಂಗಿ. ಅವರ ಕೈಚೀಲವೇ ಒಂದು ಔಷಧಿ ಅಂಗಡಿ. ಯಾರು ಸೀನಿದರೂ ಜಿಪ್ಪು ಸರಿಯುತ್ತಿತ್ತು.

"ಏನೇ ಅನ್ನಿ, ಇಷ್ಟು ವರ್ಷ ಭಾವನ್ನ ಅಂಗೈಲಿಟ್ಟು ನೋಡ್ಕೊಂಡ್ಲು," ಎಂದು ಪಕ್ಕದವರಿಗೆ ಪಿಸುಗುಡುತ್ತಿದ್ದರು. ಅವರ ಪಿಸುಮಾತು ಹಿತ್ತಿಲವರೆಗೂ ಹೋಗುತ್ತದೆ. "ಪಾಪ ತೊಳ್ಕೊಂಡ್ಲು ಅನ್ನಿ. ನನ್ನ ತಮ್ಮನಿಗೆ ಮನೇಲೇ ಏನೋ ತಪ್ಪು ಔಷಧಿ ಕೊಟ್ಟು ಕಳ್ಕೊಂಡ್ಲಲ್ಲ. ನರ್ಸಾಗಿ!"

ಮಗಳ ಕೈಯಲ್ಲಿದ್ದ ಗುಂಡಿ ಕಾಜಾಕ್ಕೆ ಸೇರಲಿಲ್ಲ. ದಪ್ಪ ಸಿಸ್ಟರ್ ಅವಳ ಬೆರಳು ಸರಿಸಿ ತಾವೇ ಹಾಕಿದರು.

* * *

ಅವಳಾಗ ಇನ್ನೂ ಚಿಕ್ಕವಳು. ಔಷಧಿ ಅಂಗಡಿಯ ಗಾಜಿನ ಕಟ್ಟೆಗೆ ಮೂಗು ಒತ್ತಿ, ಒಳಗಿನ ಬಣ್ಣದ ಬಾಟಲಿ ನೋಡುತ್ತ ನಿಂತಿದ್ದಳು. ಪಕ್ಕದಲ್ಲಿ ಅಪ್ಪ ಹಣೆ ಒತ್ತಿಕೊಳ್ಳುತ್ತಿದ್ದ. ಅಂಗಡಿ ದೊಡ್ಡಪ್ಪನದು.

"ತಲೆ ಸಿಡೀತಿದೆ ಅಣ್ಣ."

"ಇದನ್ನ ಹಾಕ್ಕೋ."

"ಇಂಥದ್ದು ನನಗೆ ಆಗಲ್ಲ ಅಂತಾಳಲ್ಲ ಅವಳು. ಉಬ್ಬಸ ಇರೋರಲ್ಲಿ ಕೆಲವರಿಗೆ ನೋವಿನ ಮಾತ್ರೆ ಉಸಿರು ಕಟ್ಟಿಸುತ್ತಂತೆ. ಹಿಂದೊಂದು ಸಲ ನನಗೂ ಹಾಗೇ ಆಗಿತ್ತಲ್ಲ."

"ನನಗೂ ಬಂದು ಪಾಠ ಹೇಳಿಹೋಗಿದಾಳೆ, ನನ್ನ ಅಂಗಡೀಲೇ ನಿಂತು! ಹೆಂಡತಿ ಮಾತು ಕೇಳಿ ಕೇಳಿ ನಿನಗೆ ಗಾಳಿಯೂ ಆಗಲ್ಲ. ನುಂಗೋ ಮಾರಾಯ."

ಬಿಳಿ ಮಾತ್ರೆ. ಅಪ್ಪ ನಗುತ್ತ ನುಂಗಿದ. ಮನೆ ಬಾಗಿಲು ಸೇರುವಷ್ಟರಲ್ಲಿ ಎದೆ ಸೀಟಿ ಊದುತ್ತಿತ್ತು. ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದ ಅಮ್ಮ, ಉಬ್ಬಸಕ್ಕೆ ದಿನವೂ ಕೊಡುತ್ತಿದ್ದ ಔಷಧಿ ಕೊಟ್ಟಳು, ಬೆನ್ನಿಗೆ ಎದೆ ಕೊಟ್ಟು ಕೂರಿಸಿಕೊಂಡಳು, ಗಾಡಿಗೆ ಕೂಗಿಕೊಂಡಳು. ಅಪ್ಪ ದಾರಿಯಲ್ಲೇ ಹೋದ.

ಆಸ್ಪತ್ರೆಯ ಓಣಿಯಲ್ಲಿ ಎಲ್ಲರೂ ಏನಾಯಿತು, ಏನಾಯಿತು ಎನ್ನುವಾಗ ಮೊದಲು ಬಾಯಿಬಿಟ್ಟವರು ದೊಡ್ಡಪ್ಪ. "ಮನೇಲಿ ಇವಳೇ ಏನೋ ಕೊಟ್ಟಿದಾಳೆ." ಕುಂಬಳಕಾಯಿ ಕಳ್ಳ ಎಂದು ಯಾರೂ ಇನ್ನೂ ಕೂಗಿರಲಿಲ್ಲ, ಕೂಗುವ ಮೊದಲೇ ಇನ್ನೊಬ್ಬರ ಹೆಗಲಿಗೆ ಬೂದಿ ಹಚ್ಚಿ ಆಗಿತ್ತು.

"ದೊಡ್ಡಪ್ಪ ಬಿಳಿ ಮಾತ್ರೆ ಕೊಟ್ರು," ಎಂದಿತು ಮಗು.

"ದೊಡ್ಡವರ ಮಧ್ಯೆ ಮಾತಾಡಬಾರದು," ಎಂದು ಅತ್ತೆ ಅದರ ಬಾಯಿ ಮುಚ್ಚಿದರು.

ಅಮ್ಮನೊಬ್ಬಳೇ ಬಗ್ಗಿ ಕೇಳಿದಳು. "ಯಾವ ಮಾತ್ರೆ ಪುಟ್ಟಿ? ನೀನು ನೋಡಿದ್ಯಾ?" ಆಮೇಲೆ ಆ ವಿಷಯವಾಗಿ ಯಾರೊಂದಿಗೂ ಜಗಳವಾಡಲಿಲ್ಲ. ಬಿಳಿ ಯೂನಿಫಾರಂ ತೊಟ್ಟು ವಾರ್ಡಿಗೆ ಹೋದಳು. ಹೋದಲ್ಲಿ ಬಂದಲ್ಲಿ ಬೆನ್ನ ಹಿಂದೆ ಆ ಮಾತೂ ಹೋಯಿತು.

* * *

ಕಾಲ ಸರಿಯಿತು. ದೊಡ್ಡಪ್ಪನ ಹೆಂಡತಿ ತೀರಿಕೊಂಡರು, ಅಂಗಡಿ ಮುಚ್ಚಿತು, ಎದೆ ತಾಳ ತಪ್ಪಿತು. ನೋಡಿಕೊಳ್ಳುವವರು ಯಾರು ಎಂದು ಬಂಧುಗಳು ಒಬ್ಬರ ಮುಖ ಒಬ್ಬರು ನೋಡುವಾಗ ಅಮ್ಮ, "ನಮ್ಮನೆಗೆ ಬರಲಿ," ಎಂದಳು. ದೇವತೆ ಎಂದಿತು ಬಂಧುಬಳಗ.

"ನಿನಗೇನು ತಲೆ ಕೆಟ್ಟಿದೆಯಾ ಅಮ್ಮ?" ಎಂದಳು ಮಗಳು.

"ಅವನು ಸತ್ತುಹೋದ್ರೆ ಅದನ್ನ ಹೇಳೋರು ಯಾರೇ? ನಾನು ಹೇಳಿದ್ರೆ ಸುಳ್ಳು, ನೀನು ಹೇಳಿದ್ರೆ ಚಿಕ್ಕವಳು. ಅವನ ಬಾಯಲ್ಲೇ ಬರಬೇಕು, ನಾಲ್ಕು ಜನರ ಎದುರಿಗೆ. ಅಲ್ಲೀವರೆಗೂ ಅವನನ್ನ ಸಾಯೋಕೆ ಬಿಡಲ್ಲ."

ಬಿಡಲಿಲ್ಲ. ಮೊದಲು ಹೋದದ್ದು ಅವರ ಸಂಜೆಯ ಗುಟುಕು: "ಈ ಮಾತ್ರೆಗೂ ಮದ್ಯಕ್ಕೂ ಆಗಿಬರಲ್ಲ ಭಾವ." ಆಮೇಲೆ ನೆರೆಮನೆಯವರು ಕೊಟ್ಟ ಬೇರಿನ ಪುಡಿ: "ಅದರಲ್ಲಿ ಏನಿದೆ ಅಂತ ಕೊಟ್ಟೋರಿಗೇ ಗೊತ್ತಿಲ್ಲ." ಸೊಪ್ಪು ಕೂಡ ಇವತ್ತು ರಾಶಿ, ನಾಳೆ ಇಲ್ಲ ಎನ್ನುವ ಹಾಗಿಲ್ಲ, ದಿನವೂ ಅಷ್ಟಕ್ಕಷ್ಟೇ. ನೋವಿನ ಮಾತ್ರೆಯಂತೂ ಮುಟ್ಟುವಂತಿಲ್ಲ, ತೆಳುವಾದ ರಕ್ತದ ಜೊತೆ ಅದು ಸೇರಿದರೆ ಒಳಗೇ ಸೋರತೊಡಗುತ್ತದೆ. ಕೆಮ್ಮಿದರೆ ಅಂಗಡಿಯ ಔಷಧಿ ಕುಡಿಯುವಂತಿಲ್ಲ, ಬೇರೆ ಡಾಕ್ಟರು ಏನು ಬರೆದುಕೊಟ್ಟರೂ ಹಳೆಯ ಮಾತ್ರೆಯ ಹೆಸರು ಹೇಳದೆ ತರುವಂತಿಲ್ಲ. ಗಡ್ಡ ಕೆರೆಯುವ ಬ್ಲೇಡು ಹೋಗಿ ಗುಂಯ್‌ಗುಟ್ಟುವ ಯಂತ್ರ ಬಂತು. ಎಲ್ಲವೂ ಅವರ ಒಳ್ಳೆಯದಕ್ಕೇ. ಒಂದರಲ್ಲೂ ಸುಳ್ಳಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕೋಲನ್ನು ಮಾತ್ರ ಹಾವಿಗೆ ಕಾಣುವ ಹಾಗೆ ಎದುರಿಗೇ ಇಟ್ಟಿದ್ದಳು.

ಸಂಜೆ ಮಾತ್ರೆಯ ಹೊತ್ತಿಗೆ ವಾರ್ಡಿನ ಪದ್ಧತಿ. ಮಾತ್ರೆ ಅಂಗೈಗೆ ಬೀಳುವ ಮೊದಲು ಕೇಳಬೇಕು.

"ಹೆಸರು?"

ಹೇಳುತ್ತಿದ್ದರು.

"ಈ ಮಾತ್ರೆ ಯಾಕೆ?"

ಹೇಳುತ್ತಿದ್ದರು.

"ನಿಮಗೆ ಯಾವುದು ಆಗಲ್ಲ?"

ಇಲ್ಲಿ ದೊಡ್ಡಪ್ಪ ನೆಲ ನೋಡುತ್ತಿದ್ದರು. "ನೋವಿನ ಮಾತ್ರೆ."

ಅಮ್ಮ ಆಮೇಲೂ ತುಸು ಹೊತ್ತು ಕಾಯುತ್ತಿದ್ದಳು, ಇನ್ನೂ ಏನೋ ಬರಬೇಕಿದೆ ಎನ್ನುವಂತೆ. ಬರುತ್ತಿರಲಿಲ್ಲ. "ಬಾಯಿ ತೆಗೀರಿ. ನಾಲಿಗೆ ಎತ್ತಿ. ಸರಿ." ನಾಳೆ ಸಂಜೆ ಮತ್ತೆ.

ಒಮ್ಮೆ ಮಗಳು ತಡೆಯಲಾರದೆ, "ಒಂದು ದಿನ ಎರಡು ಕೊಟ್ಟುಬಿಡು, ಯಾರಿಗೆ ಗೊತ್ತಾಗುತ್ತೆ," ಎಂದಿದ್ದಳು. ಅಮ್ಮನ ಕೈ ಅವಳ ಕೆನ್ನೆವರೆಗೆ ಬಂದು ನಿಂತಿತು. "ಸಿಟ್ಟು ಮನೆ ತುಂಬ ಇಟ್ಕೋ. ಮಾತ್ರೆ ಡಬ್ಬಿಯೊಳಗೆ ಮಾತ್ರ ಇಡಬೇಡ. ಹೆಂಡತಿಗೆ ಹೊಡೆದು ತನ್ನ ಕೈಯೇ ಮುರ್ಕೊಂಡು ಬಂದೋನಿಗೂ ವಾರ್ಡಲ್ಲಿ ಸರಿಯಾದ್ದನ್ನೇ ಕೊಟ್ಟಿದೀನಿ. ಬೇಕಾದ್ರೆ ಕೊಡುವಾಗ ಮುಖ ಗಂಟು ಹಾಕ್ಕೋ. ಅದಕ್ಕೇನೂ ಅಡ್ಡಪರಿಣಾಮ ಇಲ್ಲ."

* * *

ಗಾಡಿ ಬಂದು ಗೇಟಿನ ಮುಂದೆ ನಿಂತಿತು. ನಡುಮನೆಯಲ್ಲಿ ಜನ ಎದ್ದು ದಾರಿ ಬಿಟ್ಟರು. ಹಿರಿಯರೆಂದು ದೊಡ್ಡಪ್ಪನನ್ನು ಅಮ್ಮನನ್ನು ಮಲಗಿಸಿದ ಪೆಟ್ಟಿಗೆಯ ತಲೆಯ ಕಡೆ ಕೂರಿಸಿದ್ದರು. ಸ್ಮಶಾನದಲ್ಲಿ ನಾಲ್ಕು ಮಾತಾಡಿ, ಮೊದಲ ಹಿಡಿ ಮಣ್ಣು ಹಾಕುವವರೂ ಅವರೇ ಎಂದು ಆಗಲೇ ತೀರ್ಮಾನವಾಗಿತ್ತು. ಏಳಲು ಹೋದವರು ಮಂಡಿ ಹಿಡಿದು ಮತ್ತೆ ಕೂತರು.

"ಅಯ್ಯೋ ಅಣ್ಣ, ಬೆಳಿಗ್ಗೆಯಿಂದ ಈ ಕಬ್ಬಿಣದ ಕುರ್ಚೀಲಿ ಕೂತಿದೀಯ," ಎಂದು ಅತ್ತೆ ಜಿಪ್ಪು ಸರಿಸಿದರು. "ತಗೋ. ಕಾಲು ಗಂಟೇಲಿ ನೋವು ಮಾಯ. ನಾನು ದಿನಾ ತಗೋತೀನಿ."

ಬಿಳಿ ಮಾತ್ರೆ. ಯಾರೋ ನೀರಿನ ಲೋಟ ಕೊಟ್ಟರು.

ಮಗಳು ಗೋಡೆಗೊರಗಿ ನಿಂತಿದ್ದಳು. ದಪ್ಪ ಸಿಸ್ಟರ್ ಒಳಗಿದ್ದರು. ಅದು ದೊಡ್ಡಪ್ಪನಿಗೆ ಆಗಲ್ಲವೆಂದು, ಅವರನ್ನು ಬಿಟ್ಟರೆ, ಅಲ್ಲಿ ಗೊತ್ತಿದ್ದವಳು ಇವಳೊಬ್ಬಳೇ. ನುಂಗಲಿ, ಎಂದಿತು ಮನಸ್ಸು. ಅತ್ತೆಯ ಕೈಯಿಂದಲೇ ಆಗಲಿ. ಆಮೇಲೆ ಯಾರು ಯಾರಿಗೆ ಏನು ಕೊಟ್ಟರು ಎಂದು ಊರೇ ಪಿಸುಗುಡಲಿ.

ಮಾತ್ರೆ ಹಿಡಿದ ಕೈ ತುಟಿಯ ಹತ್ತಿರ ಹೋಗಿ ನಿಂತಿತು. ದೊಡ್ಡಪ್ಪ ಪೆಟ್ಟಿಗೆಯ ಕಡೆ ನೋಡಿದರು. ಆಮೇಲೆ ಗೋಡೆಯ ಕಡೆ, ಮಗಳನ್ನು. ಅಮ್ಮನ ಎದುರಿಗೆ, ಅವಳು ಕೇಳದೆ ನುಂಗುವುದು ಆ ಗಂಟಲಿಗೆ ಗೊತ್ತಿರಲಿಲ್ಲವೋ ಏನೋ.

ಸತ್ತರೆ ಹೇಳೋರು ಯಾರೇ, ಎಂಬ ಮಾತು ಅವಳ ಕಿವಿಯಲ್ಲಿ ಆಡಿತು. ಗೋಡೆ ಬಿಟ್ಟು ಬಂದಳು.

"ನಿಮಗೆ ಯಾವುದು ಆಗಲ್ಲ, ದೊಡ್ಡಪ್ಪ?"

ದನಿ ತಾಯಿಯದೇ. ನಿಂತವರು ಬೆಚ್ಚಿ ಪೆಟ್ಟಿಗೆ ನೋಡಿದರು.

"ಇವತ್ತೂನಾ?"

"ಇವತ್ತೇ."

"ನೋವಿನ ಮಾತ್ರೆ," ಎಂದರು ದೊಡ್ಡಪ್ಪ, ನೆಲ ನೋಡುತ್ತ.

"ಅಯ್ಯೋ, ನನಗೆ ಗೊತ್ತಿರಲಿಲ್ಲ ಕಣೇ!" ಎಂದರು ಅತ್ತೆ.

"ನೀವು ಕೇಳಲಿಲ್ಲ ಅತ್ತೆ. ನಿಮ್ಮ ಮನೇಲಿ ಕೇಳೋ ಅಭ್ಯಾಸ ಇಲ್ಲ." ಅವಳ ಕಣ್ಣು ದೊಡ್ಡಪ್ಪನ ಮೇಲೇ ಇತ್ತು. "ನಿಮ್ಮ ತಮ್ಮನಿಗೆ ಯಾವುದು ಆಗ್ತಿರಲಿಲ್ಲ?"

"ಹೆಣ ಮುಂದಿಟ್ಕೊಂಡು ಏನು ಮಾತು ಇದು?" ಎಂದರು ದೊಡ್ಡಪ್ಪ.

"ಕೇಳ್ತಿರೋದೇ ಅವಳು. ಅರ್ಧ ಉತ್ತರ ಕೇಳಿ ಕೇಳಿ ಹೋಗಿದಾಳೆ. ಹೇಳೋಕಾಗಲ್ಲ ಅಂದ್ರೆ ನುಂಗಿ. ನೀರು ಕೈಯಲ್ಲೇ ಇದೆ. ಬೆಳಿಗ್ಗೆ ತೊಟ್ಟೀಲಿ ಏನು ಕಂಡ್ರಿ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಾನು ತಡೆಯಲ್ಲ."

ದೊಡ್ಡಪ್ಪ ಅಂಗಡಿ ನಡೆಸಿದವರು. ಆ ಮಾತ್ರೆ ತೆಳುವಾದ ರಕ್ತಕ್ಕೆ ಏನು ಮಾಡುತ್ತದೆಂದು ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ತುಟಿ ಸರಿದಾಗ ಹಲ್ಲಿನ ಸಂದಿ ಕೆಂಪಗಿತ್ತು.

"ಇದೇ," ಎಂದರು.

"ಎಲ್ಲರಿಗೂ ಕೇಳಬೇಕು."

"ಇದೇ ಮಾತ್ರೆ. ಅವನಿಗೂ ಆಗ್ತಿರಲಿಲ್ಲ."

"ಕೊಟ್ಟೋರು?"

"ನಾನು." ಪೆಟ್ಟಿಗೆಯ ಕಡೆ ತಿರುಗಿದರು. "ಕೊಡಬೇಡಿ ಅಂತ ಅಂಗಡಿಗೇ ಬಂದು ಹೇಳಿದ್ಲು. ನಾನೇ ಕೊಟ್ಟೆ. ಅವಳೇನೂ ಮಾಡ್ಲಿಲ್ಲ. ಅವಳು ಕೊಟ್ಟಿದ್ದು ಸರಿಯಾದ ಔಷಧೀನೇ."

ಅತ್ತೆಯ ಕೈಯಿಂದ ಚೀಲ ಜಾರಿತು. ಮಾತ್ರೆಯ ಹಾಳೆಗಳು ನೆಲದ ತುಂಬ ಹರಡಿದವು. ಯಾರೂ ಬಗ್ಗಿ ಆರಿಸಲಿಲ್ಲ.

ಮಗಳು ದೊಡ್ಡಪ್ಪನ ಬೆರಳು ಬಿಡಿಸಿ ಮಾತ್ರೆ ತೆಗೆದುಕೊಂಡು ಮುಷ್ಟಿ ಕಟ್ಟಿದಳು. "ಸಿಸ್ಟರ್," ಎಂದು ಕೂಗಿದಳು. "ಇವರ ವಸಡಲ್ಲಿ ರಕ್ತ. ಪರೀಕ್ಷೆ ಆಗಿ ತಿಂಗಳ ಮೇಲಾಯ್ತು. ರಕ್ತದ ಮಾತ್ರೆ ಎರಡೆರಡು ಸಲ ನುಂಗಿದ್ದೂ ಇದೆ."

ದಪ್ಪ ಸಿಸ್ಟರ್ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಕಣ್ಣೊರೆಸಿಕೊಂಡು ವಾರ್ಡಿನ ಸಿಸ್ಟರಾದರು. ರೆಪ್ಪೆ ಎಳೆದು, ತೋಳು ಎತ್ತಿ ನೋಡಿ, "ಇವತ್ತಿನದು ಕೊಡಬೇಡ. ಈಗಲೇ ಆಸ್ಪತ್ರೆಗೆ ಹೋಗಬೇಕು. ನಾನು ಕರ್ಕೊಂಡು ಹೋಗ್ತೀನಿ," ಎಂದರು.

"ಮಣ್ಣು ಹಾಕಿ ಹೋಗ್ತೀನಿ," ದೊಡ್ಡಪ್ಪ ಕೈ ಮುಗಿದರು. "ಹಿರಿಯ ನಾನು. ಒಂದು ಹಿಡಿ ಹಾಕ್ತೀನಿ ಪುಟ್ಟಿ."

"ಅಲ್ಲಿ ನೆಲ ತಗ್ಗು ದಿಣ್ಣೆ. ಬಿದ್ರೆ ತಲೆಯೊಳಗೆ ರಕ್ತ ಸೋರುತ್ತೆ." ಅದರಲ್ಲೂ ಒಂದಿಷ್ಟೂ ಸುಳ್ಳಿರಲಿಲ್ಲ. "ನಿಮಗೆ ಮಣ್ಣೂ ಆಗಲ್ಲ ದೊಡ್ಡಪ್ಪ."

ಗೇಟಿನ ಹೊರಗೆ ಎರಡು ಗಾಡಿಗಳು ಬೇರೆ ಬೇರೆ ದಿಕ್ಕಿಗೆ ತಿರುಗಿದವು. ಹಿಂದಿನ ಗಾಜಿನಲ್ಲಿ ದೊಡ್ಡಪ್ಪನ ತಲೆ ಇನ್ನೂ ಇತ್ತಲೇ ಹೊರಳಿತ್ತು. ದಪ್ಪ ಸಿಸ್ಟರ್ ಅದನ್ನು ಮುಂದಕ್ಕೆ ತಿರುಗಿಸಿದರು.

ಪೆಟ್ಟಿಗೆ ಕೆಳಗಿಳಿಯಿತು. ಮೊದಲ ಹಿಡಿ ಮಗಳದು. ಮುಷ್ಟಿ ಬಿಚ್ಚಿದರೆ ಮಾತ್ರೆ ಬೆವರಿಗೆ ಕರಗಿ, ಅಂಗೈಯ ಗೆರೆಗಳಲ್ಲೆಲ್ಲ ಬೆಳ್ಳಗೆ ಮೆತ್ತಿಕೊಂಡಿತ್ತು. ಅದೇ ಕೈಯಲ್ಲಿ ಮಣ್ಣು ತೆಗೆದು ಹಾಕಿದಳು. ಆಮೇಲೆ ಉಳಿದವರು ಹಾಕಿದರು.

ಎಲ್ಲರದೂ ಮುಗಿದ ಮೇಲೆ ಪಕ್ಕದಲ್ಲಿ ಅತ್ತೆ ಬಂದು ನಿಂತರು. ಹೆಗಲಿಗೆ ಚೀಲವಿರಲಿಲ್ಲ. ಬೊಗಸೆಯಲ್ಲಿ ಮಣ್ಣಿತ್ತು.

"ನಾನು ಹಾಕಬಹುದೇನೇ?"

ಮಗಳು ಅಂಗೈಯ ಬಿಳಿಯನ್ನು ಹೆಬ್ಬೆರಳಿನಿಂದ ನಿಧಾನವಾಗಿ ಉಜ್ಜುತ್ತಿದ್ದಳು. ಅತ್ತೆ ಕಾದರು. ಬೆರಳ ಸಂದಿಯಿಂದ ಮಣ್ಣು ಸೋರಿ ಅವರ ಪಾದದ ಮೇಲೇ ಬೀಳುತ್ತಿತ್ತು.