ಮಲಗಲೊಂದು ನೆಲ

“ಇದು ಚರ್ಚ್ ಅಲ್ಲಪ್ಪಾ ಮೈಕೋಲ್, ಇಲ್ಲಿ ಯಾರೂ ಆಮೆನ್ ಅನ್ನಲ್ಲ!” ಎಂದಳು ಯೋಗ ಕಲಿಸುವ ಲೂಸಿಯಾನಾ, ತುಂಬಿದ ಹಾಲ್‌ನಲ್ಲಿ, ಎಲ್ಲರೆದುರು.

ತರಗತಿ ಮುಗಿದಾಗ ಅವಳು ಕೈಮುಗಿದು “ನಮಸ್ತೆ” ಎಂದಿದ್ದಳು. ಕೈಮುಗಿದವರ ಮುಂದೆ ಮೈಕೋಲನ ಬಾಯಲ್ಲಿ ಹುಟ್ಟಿದಾಗಿನಿಂದ ಬರುವುದು ‘ಆಮೆನ್’ ಒಂದೇ. ಶಿಲುಬೆಯ ಗುರುತನ್ನೂ ಹಾಕಿಕೊಂಡಿದ್ದ.

“ಮೈಕೋಲ್ ಅಂತೆ! ಬ್ಯಾಗು ಹತ್ರ ಇಟ್ಕೊಳ್ರೇ,” ಎಂದು ಹಿಂದಿನ ಚಾಪೆಯವಳು ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು. ಬೊಗೋಟಾದ ದಕ್ಷಿಣದ ಬಡ ಗುಡ್ಡಗಳಲ್ಲಿ ತಾಯಂದಿರು ಟೀವಿ ನೋಡಿ ಇಡುವ ಹೆಸರು ಅದು. ಉತ್ತರದ ಈ ಸಿರಿವಂತರ ಬೀದಿಗಳಲ್ಲಿ ಕಳ್ಳರ ಹೆಸರು.

ಮೈಕೋಲನಿಗೆ ಗಾಜಿನ ಗೋಡೆಯನ್ನು ಪುಡಿ ಮಾಡಿಬಿಡುವಷ್ಟು ಸಿಟ್ಟು ಬಂತು. ಆದರೂ ನೆಲ ನೋಡುತ್ತ ನಿಂತ. ಆ ಮರದ ನೆಲವನ್ನು ವರ್ಷಗಟ್ಟಲೆ ಒರೆಸಿದವಳು ಅವನ ಅಮ್ಮ ರೊಸಾಲ್ಬ. ಆಗೆಲ್ಲ ತರಗತಿ ಮುಗಿಯಲೆಂದು ಒರೆಸುವ ಕೋಲು ಹಿಡಿದು ಬಾಗಿಲಾಚೆ ಕಾಯುತ್ತಿದ್ದಳು.

“ಕೊನೇಲಿ ಎಲ್ರೂ ಹೆಣದ ಹಾಗೆ ಮಲಗ್ತಾರೆ ಕಣೋ. ಟೀಚರು ಬಂದು ಕಂಬಳಿ ಹೊದಿಸ್ತಾಳೆ. ನಂಗೂ ಒಂದ್ಸಲ ಯಾರಾದ್ರೂ ಹಾಗೆ ಹೊದಿಸಿದ್ರೆ!” ಎಂದು ಮನೆಯಲ್ಲಿ ಸೂಪು ತಿರುಗಿಸುತ್ತ ನಗುತ್ತಿದ್ದಳು.

ಯಾರೂ ಹೊದಿಸಲಿಲ್ಲ. ಮಾರ್ಚ್‌ನಲ್ಲಿ ಆಸ್ಪತ್ರೆಯವರು ಬಿಳಿ ಬಟ್ಟೆ ಹೊದಿಸಿದರು, ಅಷ್ಟೆ.

ಅವಳ ಬದಲಿಗೆ ತಾನೊಮ್ಮೆ ಹಾಗೆ ಮಲಗಬೇಕು ಎಂದೇ ಮೈಕೋಲ್ ಇಲ್ಲಿಗೆ ಬಂದದ್ದು. ಲೂಸಿಯಾನಾ ಎಲ್ಲರಿಗೂ ಹೊದಿಸಿ ಅವನನ್ನು ದಾಟಿಕೊಂಡು ಹೋಗಿದ್ದಳು.

“ಏನಪ್ಪಾ ದೊರೆ, ಮಲಗೋದು ಕಲಿಯೋಕೆ ಶಾಲೆ ಹುಡುಕ್ತಿದೀಯಾ?” ಎಂದ ಮರುದಿನ, ಮಾರುಕಟ್ಟೆಯಲ್ಲಿ ಅವನ ಜೊತೆ ಮೂಟೆ ಹೊರುವ ದುವಾನ್. “ಬಾ, ಆಲೂಗಡ್ಡೆ ಮೂಟೆ ಮೇಲೆ ಬಿದ್ಕೋ. ಫೀಸೂ ಇಲ್ಲ.”

“ಮುಚ್ಚೋ ಬಾಯಿ.”

ಭಾನುವಾರ ಉದ್ಯಾನದ ಬಿಟ್ಟಿ ಯೋಗಕ್ಕೆ ಹೋದ. ಅಲ್ಲಿ ಧ್ವನಿವರ್ಧಕ ಹಾಕಿ, ಕೊನೆಗೆ ಮಲಗಿಸುವ ಬದಲು ಕುಣಿಸಿದರು. ಅರ್ಧಕ್ಕೇ ಎದ್ದು ಬಂದ.

ಆಮೇಲೆ ತನ್ನ ಬಸ್ ನಿಲ್ಲುವಲ್ಲಿದ್ದ ಬೇಕರಿಯ ಮಹಡಿಗೆ ಹತ್ತಿದ. ಅಲ್ಲಿ ಯೋಗ ಕಲಿಸುವವಳು ಎಲ್ಲರೂ ಗೌರವದಿಂದ ‘ದೋನ್ಯಾ’ ಎನ್ನುವ ಇಸ್ಮೇನಿಯಾ, ಕೆಲಸದಿಂದ ನಿವೃತ್ತಳಾದ ನರ್ಸು. ಬಂದವರೆಲ್ಲ ಅಜ್ಜಿಯರು. ಕೆಳಗಿಂದ ಚೀಸ್ ಬನ್ನಿನ ವಾಸನೆ. ಮೂಟೆ ಹೊತ್ತ ಬೆನ್ನು ಬಾಗಲೊಲ್ಲದು.

“ಮೊಣಕಾಲು ಮಡಿಸಪ್ಪಾ, ಇಲ್ಲಿ ಯಾರೂ ಮಾರ್ಕ್ಸ್ ಹಾಕಲ್ಲ,” ಎಂದಳು ಪಕ್ಕದ ಅಜ್ಜಿ. “ನಾನೂ ಬಾಗಲ್ಲ. ಬನ್ ತಿನ್ನೋಕೆ ಬರ್ತೀನಿ.”

ಕೊನೆಗೆ ಮಲಗಿದರು. ಮೈಕೋಲ್ ಕಣ್ಣು ಮುಚ್ಚಿ ಹಲ್ಲು ಕಚ್ಚಿದ. ಹೆಜ್ಜೆ ಹತ್ತಿರ ಬಂದು, ದೂರ ಹೋಗಿ, ಮತ್ತೆ ಬಂತು. ಮೈಮೇಲೆ ಉಣ್ಣೆಯ ಭಾರ ಇಳಿಯಿತು. ಇಸ್ಮೇನಿಯಾ ತಾನು ಹೊದ್ದಿದ್ದ ಶಾಲನ್ನೇ ಅವನ ಪಾದದಡಿಗೆ ಮಡಚಿ ಸಿಕ್ಕಿಸುತ್ತಿದ್ದಳು.

“ಕಾಲೆಲ್ಲ ತಣ್ಣಗಾಗಿದೆಯಲ್ಲಾ, ಸುಮೆರ್ಸೆ.”

ಬೊಯಾಕಾ ಸೀಮೆಯ ಹೆಂಗಸರ ಬಾಯಿಮಾತು ಅದು. ‘ನೀವು’ ಅನ್ನುವ ಗೌರವ, ‘ಕಂದಾ’ ಅನ್ನುವ ಸಲಿಗೆ, ಎರಡೂ ಅದೊಂದರಲ್ಲೇ. ಅಮ್ಮ ಬೈಯುವಾಗಲೂ ಹಾಗೇ ಕರೆಯುತ್ತಿದ್ದಳು. ಮಾರ್ಚ್‌ನಿಂದೀಚೆಗೆ ಆ ಪದ ಅವನ ಕಿವಿಗೆ ಬಿದ್ದಿರಲಿಲ್ಲ.

ಮೈಯೆಲ್ಲ ಬೆಚ್ಚಗಾಯಿತು. ಬೆಚ್ಚಗಾದದ್ದು ಅವನಿಗೆ, ಅಮ್ಮನಿಗಲ್ಲ. ಅವಳ ಹೆಸರಿನಲ್ಲಿ ಎಷ್ಟು ಸಲ ಮಲಗಿದರೂ ಅವಳು ಬಾಗಿಲಾಚೆಯೇ ನಿಂತಿರುತ್ತಾಳೆ.

ಉಳಿದವರು ಏಳುವ ಮೊದಲೇ ಎದ್ದ. ಶಾಲು ಮಡಚಿಟ್ಟು ಶೂ ಕೈಗೆತ್ತಿಕೊಂಡ.

“ಗುರುವಾರ ಬರ್ತೀರಾ, ಸುಮೆರ್ಸೆ?”

ತೋಳಿನಿಂದ ಕಣ್ಣೊರೆಸಿಕೊಂಡ. ಬರಿಗಾಲಲ್ಲೇ ಮೆಟ್ಟಿಲಿಳಿದು, ಬನ್ನು ಕೊಳ್ಳುವವರ ಸಾಲು ಸೀಳಿಕೊಂಡು ಬೀದಿಗೆ ನಡೆದ.